ರೋಮ್ ತಡವಾಗಿ ಬಿತ್ತು

ಗೋವಿಂದರಾಜು ಪ್ರಪಂಚದ ಇತಿಹಾಸಕ್ಕೆ ಕಾಲಿಟ್ಟದ್ದು ಇ-ಖಾತೆ ಮಾಡಿಸಲು ಹೋಗಿ. ಅವನ ಊರು ಬಿಳಿಗಲ್ಲುಪಾಳ್ಯ, ದಾಬಸ್‌ಪೇಟೆಯಿಂದ ಮೂರು ಕಿಲೋಮೀಟರ್ ಒಳಕ್ಕೆ. ಆವತ್ತು ಪಂಚಾಯ್ತಿ ಕಚೇರಿಯಲ್ಲಿ ಸರ್ವರ್ ಬಿದ್ದುಹೋಗಿತ್ತು. ಹೊರಗೆ ಬಿಸಿಲು. ಪಕ್ಕದ ಗ್ರಂಥಾಲಯದಲ್ಲಿ ಫ್ಯಾನ್ ತಿರುಗುತ್ತಿತ್ತು. ಹೋಗಿ ಅದರ ಕೆಳಗೆ ಕೂತ. ಗ್ರಂಥಾಲಯ ನೋಡಿಕೊಳ್ಳುವ ಪ್ರಮೋದಾ ಒಂದು ರಿಜಿಸ್ಟರ್ ತಂದು ಮುಂದಿಟ್ಟು, "ಹೆಸರು, ಫೋನ್ ನಂಬರ್ ಬರೆದು ಸೈನ್ ಮಾಡಿ ಸರ್" ಅಂದಳು. ಗಾಳಿಗೂ ಸೈನ್ ಹಾಕುವ ಕಾಲ ಬಂತಲ್ಲ ಎಂದುಕೊಂಡು ಹಾಕಿದ. ಐವತ್ನಾಲ್ಕು ವರ್ಷದ ಬದುಕಿನಲ್ಲಿ ಅವನು ಯಾವ ಕಾಗದವನ್ನೂ ಓದಿ ಸೈನ್ ಹಾಕಿದವನಲ್ಲ.

ಭಾನುವಾರ ಬೆಳಿಗ್ಗೆ ಮಂಚದ ಮೇಲೆ ಒರಗಿಕೊಂಡು ಚಿತ್ರಾನ್ನ ತಿನ್ನುತ್ತಿದ್ದಾಗ ಫೋನ್ ಬಂತು.

"ಗೋವಿಂದರಾಜು, ಹತ್ತು ಗಂಟೆ ಹತ್ತು ನಿಮಿಷ ಆಯ್ತು. ಗ್ರಂಥಾಲಯದಲ್ಲಿ ಕಾಯ್ತಾ ಇದೀವಿ, ಎಲ್ಲಿದೀಯ?"

ತಟ್ಟೆ ಹಿಡಿದುಕೊಂಡೇ ಎದ್ದು ನಿಂತ. ಮೂವತ್ತೆಂಟು ವರ್ಷದ ಹಿಂದೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ಶಶಿರೇಖಾ ಮಿಸ್ ದನಿ. "ಬಂದೆ ಮಿಸ್" ಅಂದ. ಯಾಕೆ ಅಂತ ಕೇಳುವ ಧೈರ್ಯ ಹತ್ತನೇ ಕ್ಲಾಸಿನಲ್ಲೂ ಇರಲಿಲ್ಲ, ಈಗಲೂ ಬರಲಿಲ್ಲ. ಲುಂಗಿ ಬಿಚ್ಚಿ ಪ್ಯಾಂಟ್ ಹಾಕಿಕೊಂಡು ಓಡಿದ.

ಹೀಗೆ, ಆವತ್ತು ಸೈನ್ ಹಾಕಿದ ರಿಜಿಸ್ಟರಿನ ದೆಸೆಯಿಂದ, ಅವನು ಓದುಗರ ಬಳಗದ ಸದಸ್ಯನಾದ. ಬಳಗ ಅಂದರೆ ನಾಲ್ಕು ಜನ: ಮಿಸ್, ಪ್ರಮೋದಾ, ಮಾಜಿ ಪಂಚಾಯ್ತಿ ಸದಸ್ಯ ಮುನಿವೆಂಕಟಪ್ಪ, ಈಗ ಇವನು. ಪುಸ್ತಕ ಒಂದೇ. ಪ್ರಾಚೀನ ಕಾಲದ ಚರಿತ್ರೆ, ಈಜಿಪ್ಟಿನಿಂದ ಹಿಡಿದು ರೋಮ್ ಬೀಳುವವರೆಗೆ, ಒಂಬೈನೂರ ಹನ್ನೆರಡು ಪುಟ. ಗೋವಿಂದರಾಜು ದಾಬಸ್‌ಪೇಟೆ ಹೈವೇ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿ ತೂಕ ಹಾಕುವ ಕೆಲಸದವನು. ಕುತೂಹಲಕ್ಕೆ ಒಂದು ದಿನ ಪುಸ್ತಕವನ್ನು ವೇಬ್ರಿಡ್ಜ್ ಮೇಲೆ ಇಟ್ಟು ನೋಡಿದ. ಅರವತ್ತು ಟನ್ ತೂಗುವ ಯಂತ್ರ ಸೊನ್ನೆ ತೋರಿಸಿತು. ಅವನಿಗೆ ಬೇಜಾರಾಯಿತು.

ಭಾನುವಾರಕ್ಕೆ ಇಪ್ಪತ್ತು ಪುಟ. ಸರದಿ ಪ್ರಕಾರ ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು, ತಿಳಿಯದಿದ್ದರೆ ಮಿಸ್ ವಿವರಿಸಬೇಕು. ಗೋವಿಂದರಾಜು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ವೇಬ್ರಿಡ್ಜಿನಲ್ಲಿ ಕಲಿತಿದ್ದ. ಈಜಿಪ್ಟ್ ಪೂರ್ತಿ ಅದರಲ್ಲೇ ಕಳೆಯಿತು. ಬ್ಯಾಬಿಲೋನಿನಲ್ಲಿ ಒಂದೆರಡು ಸಲ ಎಚ್ಚರವಾದ. ಗ್ರೀಸ್ ಹೊತ್ತಿಗೆ ಯಾರು ಯಾರ ಮೇಲೆ ಯುದ್ಧಕ್ಕೆ ಹೋದರು ಅನ್ನುವುದು ಸುಮಾರಾಗಿ ಗೊತ್ತಾಗತೊಡಗಿತು. ಭಾನುವಾರ ಮಧ್ಯಾಹ್ನ ಮಿಸ್ ಅವರನ್ನು ತನ್ನ ಟಿವಿಎಸ್ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟು ಬರುವುದೂ ಅವನ ಕೆಲಸವಾಯಿತು. ಎಪ್ಪತ್ತಮೂರು ವರ್ಷದ ಮಿಸ್ ದಿನೇ ದಿನೇ ಹಗುರವಾಗುತ್ತಿದ್ದರು. ತೂಕದ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ಸೀಟು ತಾನಾಗಿ ಹೇಳುತ್ತಿತ್ತು.

ಆರುನೂರ ಐವತ್ತೈದನೇ ಪುಟ ಮುಗಿದ ಭಾನುವಾರ ಅವನು ಮಿಸ್ ಮನೆಯ ಜಗಲಿಯಲ್ಲಿ ಕಾಫಿಗೆ ಕಾಯುತ್ತಾ ಕೂತಿದ್ದ. ಮಿಸ್ ಒಳಗೆ ಮಲಗಿದ್ದರು. ಅವರ ತಂಗಿ ಮಗಳು ಸಿಂಧು ಸೋಂಪುರದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿಕೊಂಡು ದೊಡ್ಡಮ್ಮನ ಜೊತೆಗೇ ಇದ್ದಳು. ಅವಳು ಅಡಿಗೆಮನೆಯಲ್ಲಿ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು.

"ಹೊಟ್ಟೇಲಿರೋ ಗಡ್ಡೆ ತುಂಬಾ ಹರಡಿದೆಯಂತೆ ಕಣೇ. ಮನೆಗೆ ಕರ್ಕೊಂಡ್ಹೋಗಿ ಅಂದ್ಬಿಟ್ರು ಡಾಕ್ಟ್ರು, ಎರಡು ತಿಂಗಳಾಯ್ತು. ದೊಡ್ಡಮ್ಮ ಆ ಪುಸ್ತಕ ಮುಗಿಸೋಕೆ ಅಂತಾನೇ ಜೀವ ಹಿಡ್ಕೊಂಡಿದಾರೆ. ಅದು ಮುಗಿದ ದಿನ ಹೋಗ್ಬಿಡ್ತಾರೇನೋ ಅನ್ಸತ್ತೆ."

ಗೋವಿಂದರಾಜು ಕಾಫಿ ಕುಡಿಯಲಿಲ್ಲ. ವೇಬ್ರಿಡ್ಜಿಗೆ ಬಂದು ಕೂತು ಯೋಚಿಸಿದ. ಅವನಿಗೆ ತಿಳಿದ ಒಂದೇ ಶಾಸ್ತ್ರ ವೇಬ್ರಿಡ್ಜಿನದು. ಪ್ಲಾಟ್‌ಫಾರ್ಮ್ ಮೇಲೆ ನಿಂತ ಲಾರಿ ಇಳಿಯುವವರೆಗೆ ಹಿಂದಿನ ಲಾರಿ ಹತ್ತುವ ಹಾಗಿಲ್ಲ. ಪುಸ್ತಕ ಇಳಿಯದಿದ್ದರೆ ಮಿಕ್ಕದ್ದೂ ಹತ್ತುವುದಿಲ್ಲ. ಆವತ್ತು ಸಂಜೆ ಆರು ಗಂಟೆಗೆ, ಜಲ್ಲಿ ತುಂಬಿದ ಟಿಪ್ಪರ್ ಒಂದರ ಚೀಟಿ ಹರಿಯುತ್ತಾ, ರೋಮ್ ಸಾಮ್ರಾಜ್ಯ ಬೀಳಕೂಡದು ಅಂತ ಅವನು ತೀರ್ಮಾನ ಮಾಡಿದ.

ಮುಂದಿನ ಭಾನುವಾರ ಪುಸ್ತಕದಲ್ಲಿ ಕಾರ್ತೇಜಿನ ಹ್ಯಾನಿಬಲ್ ಮೂವತ್ತೇಳು ಆನೆ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಿ ರೋಮ್ ಕಡೆ ಬರುವ ಪ್ರಸಂಗ. ಪ್ರಮೋದಾ ಒಂದು ಪುಟ ಓದಿದಳು. ಗೋವಿಂದರಾಜು ಕೈ ಎತ್ತಿದ. ಎಂಟು ತಿಂಗಳಲ್ಲಿ ಇದೇ ಮೊದಲು.

"ಮಿಸ್, ಒಂದು ಆನೆ ಎಷ್ಟು ತೂಕ ಇರುತ್ತೆ?"

"ಎಷ್ಟಪ್ಪಾ?" ಅಂದರು ಮಿಸ್.

"ಒಂದ್ಸಲ ಶಿವಗಂಗೆಗೆ ಹೋಗ್ತಿದ್ದ ಆನೆ ನಮ್ಮಲ್ಲಿ ತೂಕ ಆಗಿತ್ತು ಮಿಸ್. ಲಾರಿ ಕಳೆದು ಮೂರು ಟನ್ ನಾನೂರು ಕೆಜಿ. ಮೂವತ್ತೇಳಕ್ಕೆ ನೂರಾ ಇಪ್ಪತ್ತೈದು ಟನ್ ಎಂಟುನೂರು. ಅಷ್ಟು ಭಾರ ಮಂಜುಗಡ್ಡೆ ತಡೆಯುತ್ತಾ? ಮೇವಿನ ತೂಕ ಬೇರೆ ಹಾಕಬೇಕು. ಮಾವುತರದ್ದೂ ಹಾಕಬೇಕು."

ಮುನಿವೆಂಕಟಪ್ಪ ಕನ್ನಡಕ ತೆಗೆದ. ಅವನಿಗೆ ಅರವತ್ತೆಂಟು ವರ್ಷ. ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋಗಿ ಉಳಿದ ಎರಡು ಎಕರೆಯಲ್ಲಿ ಈಗಲೂ ರಾಗಿ ಬೆಳೆಯುತ್ತಿದ್ದ. ಯಾವ ಸಭೆಯಲ್ಲೇ ಆಗಲಿ ಮಾತು ತನ್ನ ಕಡೆ ಬರುವುದನ್ನೇ ಕಾಯುವ ಸ್ವಭಾವ. "ಆನೆ ದಿನಕ್ಕೆ ಎಷ್ಟು ಸಲ ಮೇಯುತ್ತೆ ಗೊತ್ತೇನ್ಲಾ ನಿಂಗೆ?" ಅಂತ ಶುರು ಮಾಡಿದ. ಕಬ್ಬು ಬಂತು, ಹಲಸು ಬಂತು, ಅವನ ಮಾವನ ತೋಟಕ್ಕೆ ನುಗ್ಗಿದ ಒಂಟಿ ಸಲಗ ಬಂತು. ಹನ್ನೆರಡು ಗಂಟೆಗೆ ಹ್ಯಾನಿಬಲ್ ಇನ್ನೂ ಬೆಟ್ಟದ ಬುಡದಲ್ಲೇ ಇದ್ದ. ಅದರ ಮುಂದಿನ ಭಾನುವಾರವೂ ಅರ್ಧ ಬೆಟ್ಟ ಹತ್ತಿದ್ದಷ್ಟೇ.

ಗೋವಿಂದರಾಜುವಿನ ಹೆಸರು ಊರಲ್ಲಿ ಬೆಳೆಯಿತು. ಮುನಿವೆಂಕಟಪ್ಪ ಹೋಟೆಲಿನಲ್ಲಿ, "ಅವನು ಸುಮ್ನೆ ಓದಲ್ಲ, ತೂಕ ಹಾಕಿ ಓದ್ತಾನೆ" ಅಂತ ಹೇಳಿದ. ಹೆಂಡತಿ ಶಾಮಲಾಗೆ ಈ ಮಾತು ತರಕಾರಿ ಗಾಡಿಯ ಹತ್ತಿರ ಸಿಕ್ಕಿತು.

"ನಿಮ್ಮನ್ನ ವಿದ್ವಾಂಸರು ಅಂತಾವ್ರೆ," ಅಂದಳು. "ಮೊನ್ನೆ ಗ್ಯಾಸ್ ಪುಸ್ತಕ ಎಲ್ಲಿಟ್ಟಿದೀರಿ ಅಂದ್ರೆ ಗೊತ್ತಿರಲಿಲ್ಲ."

ಅವನು ಬಾಗಿಲು ಹಾಕಿಕೊಂಡು ಗುಟ್ಟು ಹೇಳಿದ. "ನಾನು ಒಂದು ಜೀವ ಉಳಿಸ್ತಾ ಇದೀನಿ ಕಣೇ."

ಶಾಮಲಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವರಿಗೆ ಮುಗಿಸೋ ಆಸೆ ಇದ್ರೆ?" ಅಂದಳು.

"ಅದಕ್ಕೇ ಮುಗಿಸ್ಬಾರ್ದು" ಅಂದ ವಿದ್ವಾಂಸ.

ಆಮೇಲೆ ರೋಮ್ ನಗರದ ಚರಂಡಿ ಬಂತು. ಎರಡು ಸಾವಿರ ವರ್ಷದ ಹಿಂದೆಯೇ ಕಲ್ಲಿನ ಕಮಾನು ಕಟ್ಟಿ ಊರ ಕೊಳಚೆಯನ್ನೆಲ್ಲ ನದಿಗೆ ಸಾಗಿಸುತ್ತಿದ್ದರು ಅಂತ ಮಿಸ್ ವಿವರಿಸಿದರು. ಗೋವಿಂದರಾಜು ಕೈ ಎತ್ತಿ, "ಮಿಸ್, ಅದನ್ನ ಕ್ಲೀನ್ ಮಾಡ್ಸೋ ಜವಾಬ್ದಾರಿ ಯಾರದಿತ್ತು?" ಅಂದ. ಮುನಿವೆಂಕಟಪ್ಪನಿಗೆ ಇಷ್ಟು ಸಾಕಾಯಿತು. ನಮ್ಮ ಮೂರನೇ ಕ್ರಾಸ್ ಚರಂಡಿ ಯಾವತ್ತು ತೋಡಿದ್ದು, ಯಾವತ್ತು ಕಟ್ಟಿಕೊಂಡದ್ದು, ಯಾರ ಮನೆ ಮುಂದೆ ಅದು ತಿರುಗಬೇಕಾದ ಕಡೆ ತಿರುಗಲಿಲ್ಲ ಅನ್ನುವುದನ್ನೆಲ್ಲ ಅವನು ನಿಂತು ಹೇಳಿದ. ಕಿಟಕಿ ಹೊರಗೆ ಏಳೆಂಟು ಜನ ಸೇರಿದರು.

ಸೋಮವಾರ ಪಂಚಾಯ್ತಿ ಅಧಿಕಾರಿ, ಅಂದರೆ ಪಿಡಿಒ, ಮನೋಹರ್ ಅವರಿಗೆ ಸುದ್ದಿ ಮುಟ್ಟಿತು: ಗ್ರಂಥಾಲಯದಲ್ಲಿ ಪ್ರತಿ ಭಾನುವಾರ ಚರಂಡಿ ಹೋರಾಟ ಸಮಿತಿ ಸಭೆ ಸೇರುತ್ತಿದೆ, ವೇಬ್ರಿಡ್ಜ್ ಗೋವಿಂದರಾಜು ಅದರ ಮುಖಂಡ, ಹೊರಗಿನ ದೇಶದ ಉದಾಹರಣೆ ಕೊಡುತ್ತಾನೆ. ಮನೋಹರ್ ಒಳ್ಳೆಯ ಮನುಷ್ಯ. ಕಂಡದ್ದಕ್ಕೆಲ್ಲ ಹೆದರುವುದೊಂದೇ ಅವರ ತೊಂದರೆ. ಮುಂದಿನ ಭಾನುವಾರ ಫೈಲ್ ಸಮೇತ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಮಿಸ್ ಸಂತೋಷಪಟ್ಟರು. "ಬನ್ನಿ ಮನೋಹರ್. ರೋಮ್‌ನ ಚರಂಡಿ ಎಲ್ಲಿಗೆ ಬಂದಿತ್ತು ಗೋವಿಂದರಾಜು?"

ಮನೋಹರ್ ಎದ್ದು ನಿಂತರು. "ಮೇಡಂ, ಎಸ್ಟಿಮೇಟ್ ಆಗಿದೆ. ಕ್ರಿಯಾ ಯೋಜನೇಲಿ ಸೇರಿಸಿದೀವಿ. ಮೇಲಿನವರ ಮಂಜೂರಾತಿ ಬಾಕಿ."

"ರೋಮ್‌ದಾ?" ಅಂದಳು ಪ್ರಮೋದಾ.

"ಎಲ್ಲಾದೂ" ಅಂದರು ಮನೋಹರ್.

ಆವತ್ತು ಒಂದು ಸಾಲೂ ಓದಲಿಲ್ಲ. ಬುಧವಾರ ಗ್ರಂಥಾಲಯದ ಬಾಗಿಲಿಗೆ ಬೀಗ ಬಿತ್ತು. ಸುಣ್ಣ ಬಣ್ಣದ ನಿಮಿತ್ತ ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ ಎಂಬ ಚೀಟಿ. ಸುಣ್ಣವೂ ಬರಲಿಲ್ಲ, ಬಣ್ಣವೂ ಬರಲಿಲ್ಲ. ಪುಸ್ತಕ ಒಳಗೆ, ಆರುನೂರ ಎಪ್ಪತ್ತೊಂದನೇ ಪುಟದಲ್ಲಿ ದಾರ ಇಟ್ಟುಕೊಂಡು ಕೂತಿತ್ತು.

ಪ್ರಮೋದಾಳ ಹತ್ತಿರ ಇನ್ನೊಂದು ಕೀ ಇತ್ತು. "ಮಿಸ್ ಫೋನ್ ಮಾಡಿದ್ರು ಸರ್. ಪುಸ್ತಕ ಒಂದನ್ನ ತೆಕ್ಕೊಟ್ಬಿಡ್ಲಾ?" ಅಂತ ವೇಬ್ರಿಡ್ಜಿಗೇ ಬಂದು ಕೇಳಿದಳು. ಗೋವಿಂದರಾಜು ಗಂಭೀರವಾಗಿ, "ಬೇಡಮ್ಮ. ಸರ್ಕಾರಿ ಬೀಗ. ನಾಳೆ ನಿನ್ನ ಕೆಲಸಕ್ಕೆ ತೊಂದರೆ ಆದ್ರೆ ಯಾರು ಹೊಣೆ?" ಅಂದ. ಅವಳು ಹೆದರಿ ಹೋದಳು. ಐದು ಭಾನುವಾರ ಹಾಗೇ ಹೋದವು. ಪ್ರತಿ ಭಾನುವಾರ ಹನ್ನೆರಡು ಗಂಟೆಗೆ ಗೋವಿಂದರಾಜು ಇನ್ನೊಂದು ವಾರ ಗೆದ್ದೆ ಅಂದುಕೊಳ್ಳುತ್ತಿದ್ದ.

ಆರನೇ ವಾರ ಸಿಂಧು ಫೋನ್ ಮಾಡಿದಳು. "ಅಂಕಲ್, ದೊಡ್ಡಮ್ಮ ನಿಮ್ಮನ್ನ ಕರೀತಿದಾರೆ."

ಮಿಸ್ ಹಜಾರದ ಮಂಚದ ಮೇಲೆ ಮಲಗಿದ್ದರು. ಕಂಬಳಿಯ ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಅನ್ನುವ ಹಾಗೆ. ಗೋವಿಂದರಾಜು ಕೈ ಕಟ್ಟಿಕೊಂಡು ನಿಂತ. ಕೂತ್ಕೋ ಅಂದಮೇಲೆ ಕುರ್ಚಿಯ ತುದಿಯಲ್ಲಿ ಕೂತ.

"ಮೂವತ್ತೊಂದು ವರ್ಷ ಪಾಠ ಮಾಡಿದೆ ಕಣೋ," ಅಂದರು. ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. "ಒಂದು ವರ್ಷಾನೂ ಪುಸ್ತಕದ ಕೊನೇ ಪಾಠ ಮಾಡಕ್ಕಾಗ್ಲಿಲ್ಲ. ಎಲೆಕ್ಷನ್ ಡ್ಯೂಟಿ, ಗಣತಿ, ಕ್ರೀಡಾಕೂಟ. ಅಷ್ಟರಲ್ಲಿ ಪರೀಕ್ಷೆ. ಪ್ರತಿ ವರ್ಷ ನೀವೇ ಓದ್ಕೊಳ್ಳಿ ಅಂದ್ಬಿಡ್ತಿದ್ದೆ. ನಿಮ್ಮ ಬ್ಯಾಚಿಗೆ ಆ ಪಾಠದಿಂದ ಹತ್ತು ಮಾರ್ಕಿನ ಪ್ರಶ್ನೆ ಬಂತು. ನೀನು ನಾಲ್ಕು ಮಾರ್ಕಲ್ಲಿ ಹೋದೆ."

ಗೋವಿಂದರಾಜು ತಲೆ ತಗ್ಗಿಸಿದ. ಆ ನಾಲ್ಕು ಮಾರ್ಕು ತನ್ನೊಬ್ಬನ ನೆನಪಿನಲ್ಲಿ ಇದೆ ಎಂದುಕೊಂಡಿದ್ದ.

"ಪಾಸಾಗಿದ್ರೂ ನಾನು ಏನೂ ಆಗ್ತಿರಲಿಲ್ಲ ಮಿಸ್."

"ಅದು ಬೇರೆ. ಒಂದ್ಸಲ, ಒಂದೇ ಒಂದ್ಸಲ, ಮೊದಲಿಂದ ಕೊನೆವರೆಗೆ ಒಂದು ಪುಸ್ತಕ ನಾಲ್ಕು ಜನರ ಮುಂದೆ ಪೂರ್ತಿ ಮಾಡ್ಬೇಕು ಅಂತ ಇತ್ತು. ಅದಕ್ಕೇ ಇಷ್ಟು ದಪ್ಪದ್ದು ಆರಿಸ್ದೆ." ಸ್ವಲ್ಪ ನಕ್ಕರು. "ಇನ್ನು ಆಗಲ್ಲ ಅನ್ಸತ್ತೆ. ಹೋಗ್ಲಿ ಬಿಡು."

ಹೇಳಿಬಿಡೋಣ ಅಂತ ಗೋವಿಂದರಾಜು ಬಾಯಿ ತೆರೆದ. ಆನೆ ತೂಕ ಹಾಕಿದ್ದು, ಚರಂಡಿ ಕೆದಕಿದ್ದು, ಪ್ರಮೋದಾಳನ್ನು ಹೆದರಿಸಿ ಕಳಿಸಿದ್ದು, ಎಲ್ಲ.

ಅಷ್ಟರಲ್ಲಿ ಮಿಸ್, "ಒಂದು ಮಾತ್ರ ಸಮಾಧಾನ ಆಯ್ತು ಕಣೋ. ಕ್ಲಾಸಲ್ಲಿ ಬಾಯೇ ಬಿಡದೆ ಇದ್ದೋನು ನೀನು. ಈಗ ಎಂಥೆಂಥ ಪ್ರಶ್ನೆ ಕೇಳ್ತೀಯ. ರಾತ್ರಿ ನೋವಿಗೆ ನಿದ್ದೆ ಬರದೇ ಇದ್ದಾಗ ಆ ಆನೆ ಲೆಕ್ಕ ನೆನೆಸ್ಕೊತೀನಿ" ಅಂದರು.

ಅವನು ಬಾಯಿ ಮುಚ್ಚಿದ. ತಪ್ಪು ಒಪ್ಪಿಕೊಂಡರೆ ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಇಷ್ಟು ಸ್ಪಷ್ಟವಾಗಿ ಅವನಿಗೆ ಬದುಕಿನಲ್ಲಿ ಬೇರೇನೂ ಅರ್ಥವಾಗಿರಲಿಲ್ಲ. ಎದ್ದು, "ಮಿಸ್, ನಾಳೆಯಿಂದ ದಿನಾ ಓದೋಣ. ಇಲ್ಲೇ" ಅಂದ. ಗೇಟು ದಾಟಿದ ಮೇಲೆ ಟಿವಿಎಸ್ ಪಕ್ಕದಲ್ಲಿ ನಿಂತು ಅತ್ತ.

ಅಲ್ಲಿಂದ ನೇರ ಪಿಡಿಒ ಮನೆಗೆ ಹೋದ. ಮನೋಹರ್ ಗೇಟು ತೆಗೆಯದೆ ಮಾತಾಡಿದರು.

"ಬೀಗ ತೆಗೀರಿ ಸರ್. ಪುಸ್ತಕ ಬೇಕು."

"ತೆಗೀತೀನಿ. ನೀವು ಒಂದು ಬರೆದುಕೊಡಿ. ಚರಂಡಿ ವಿಷಯವಾಗಿ ಇನ್ನು ಪ್ರಶ್ನೆ ಎತ್ತಲ್ಲ ಅಂತ."

"ರೋಮ್‌ದು ಸೇರಿಸಿ ಬರೀಲಾ, ಬಿಟ್ಟು ಬರೀಲಾ?"

ಮನೋಹರ್ ಯೋಚನೆ ಮಾಡಿದರು. "ಸೇರಿಸಿ ಬರೀರಿ. ಯಾವುದಕ್ಕೂ ಇರಲಿ."

ಬರೆದು ಸೈನ್ ಹಾಕಿದ ಮೇಲೆ ಗೋವಿಂದರಾಜು ಗೇಟಿನ ಸರಳು ಹಿಡಿದುಕೊಂಡೇ, "ಅವರಿಗೆ ಜಾಸ್ತಿ ದಿನ ಇಲ್ಲ ಸರ್" ಅಂದ. ಮನೋಹರ್ ಕಾಗದ ಮಡಚಿದರು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ತಾವೇ ಹೋಗಿ ಬೀಗ ತೆಗೆದರು. ಮರುದಿನ ಸಾಯಂಕಾಲ ಮಿಸ್ ಹಜಾರದಲ್ಲಿ ಅವರೂ ಇದ್ದರು.

ಇನ್ನೂರ ನಲವತ್ತೊಂದು ಪುಟ ಉಳಿದಿತ್ತು. ದಿನಕ್ಕೆ ಇಪ್ಪತ್ತೈದು ಪುಟ ಅಂತ ಗೋವಿಂದರಾಜು ಹಿಡಿದು ಕೂತ. ಈಗ ಬೇರೆ ತೊಂದರೆ ಶುರುವಾಯಿತು. ಇಷ್ಟು ದಿನ ಅವನು ಕಲಿಸಿದ ಚಟ ಮಿಕ್ಕವರಿಗೆ ಹತ್ತಿಬಿಟ್ಟಿತ್ತು.

"ಅಲ್ಲ, ಈ ಚಕ್ರವರ್ತೀನ ಅವನ ಕಾವಲಿನೋರೇ ಕೊಂದ್ರು ಅಂದ್ರೆ," ಅಂತ ಮುನಿವೆಂಕಟಪ್ಪ ಕನ್ನಡಕ ತೆಗೆಯುತ್ತಿದ್ದ.

"ಮುನಿವೆಂಕಟಣ್ಣ, ಕೊಂದ್ರು. ಆಯ್ತು. ಮುಂದಕ್ಕೆ."

"ತೆರಿಗೆ ವಸೂಲಿ ಯಾವ ನಿಯಮದಡಿ ಮಾಡ್ತಿದ್ರು?" ಅನ್ನುತ್ತಿದ್ದರು ಮನೋಹರ್.

"ಸರ್, ನೀವು ಬರೆಸ್ಕೊಂಡಿದೀರಿ. ನಾನೂ ಬರೆಸ್ಕೋಬೇಕಾಗತ್ತೆ."

ಮಿಸ್ ಕಣ್ಣು ಮುಚ್ಚಿಕೊಂಡೇ, "ಕೇಳ್ಲಿ ಬಿಡೋ" ಅನ್ನುತ್ತಿದ್ದರು. ಉತ್ತರ ಹೇಳುವ ಶಕ್ತಿ ಇರಲಿಲ್ಲ. ಬೆರಳು ಎತ್ತಿ ಆಮೇಲೆ ಅನ್ನುವ ಹಾಗೆ ತೋರಿಸುತ್ತಿದ್ದರು. ಗೋವಿಂದರಾಜು ವೇಬ್ರಿಡ್ಜಿಗೆ ರಜೆ ಹಾಕಿ ಹಗಲು ಹೊತ್ತೂ ಬಂದು ಓದತೊಡಗಿದ. ದಂಗೆಗಳನ್ನು ಒಂದೇ ಉಸಿರಿಗೆ ಅಡಗಿಸಿದ. ಮೂರು ಜನ ಚಕ್ರವರ್ತಿಗಳನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿದ. ದನಿ ಒಡೆದು ಹೋಗಿತ್ತು. ಶಾಮಲಾ ಫ್ಲಾಸ್ಕಿನಲ್ಲಿ ಮೆಣಸಿನ ಕಷಾಯ ಕಳಿಸುತ್ತಿದ್ದಳು.

ಒಂಬತ್ತನೇ ದಿನ, ಗುರುವಾರ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಅವನೊಬ್ಬನೇ ಓದುತ್ತಿದ್ದ. ಎಂಟುನೂರ ತೊಂಬತ್ತೊಂಬತ್ತು. ಪುಟ ತಿರುಗಿಸಿದ. ಒಂಬೈನೂರು. ಪುಸ್ತಕದಲ್ಲಿ ಎರಡು ಸೊನ್ನೆ ಕಂಡದ್ದಕ್ಕೆ ಖುಷಿಯಾಗಿ, "ಮಿಸ್, ಒಂಬೈನೂರು ದಾಟಿದ್ವಿ" ಅಂದ. ಮಿಸ್ ಮಲಗಿದ್ದಾರೆ ಅಂದುಕೊಂಡು, ಎಚ್ಚರವಾದಾಗ ಬಿಟ್ಟುಹೋಗಿದ್ದನ್ನು ಹೇಳಿದರಾಯಿತು ಅಂತ ಇನ್ನೊಂದು ಪುಟ ಓದಿದ. ಸಿಂಧು ಶಿಫ್ಟ್ ಮುಗಿಸಿ ಬಂದಳು. ಬ್ಯಾಗು ಇಳಿಸಿ ದೊಡ್ಡಮ್ಮನ ಹಣೆ ಮುಟ್ಟಿದಳು. ಕೈ ಹಿಡಿದು ನೋಡಿದಳು. ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಸಾಕು ಅಂಕಲ್" ಅಂದಳು.

"ಇನ್ನು ಹನ್ನೊಂದೇ ಪುಟ ಇರೋದಮ್ಮ" ಅಂದ ಗೋವಿಂದರಾಜು. ಅರ್ಥವಾಗದೆ ಅಲ್ಲ.

ಊರು ಸೇರಿತು. ಮಿಸ್ ಅವರನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದರು. ಸಿಂಧುವಿನ ತಾಯಿ ಕುಣಿಗಲ್ ಕಡೆಯಿಂದ ಬರುವವರೆಗೆ ಕಾಯಬೇಕಾಗಿತ್ತು. ಮನೋಹರ್ ಪೆಂಡಾಲಿನವರಿಗೆ ಫೋನ್ ಮಾಡುತ್ತಿದ್ದರು. ಮುನಿವೆಂಕಟಪ್ಪ ಬಂದವರಿಗೆ ಜಾಗ ತೋರಿಸುತ್ತಿದ್ದ. ಗೋವಿಂದರಾಜು ಗೋಡೆಗೆ ಒರಗಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದ. ಆಮೇಲೆ ಮಿಸ್ ಹತ್ತಿರ ಸರಿದು, ಪುಟ ತೆಗೆದು, ಒಡೆದ ದನಿಯಲ್ಲಿ ಓದಲು ಶುರು ಮಾಡಿದ.

ಹಜಾರದಲ್ಲಿ ಗುಸುಗುಸು ನಿಂತಿತು. ಯಾವುದೋ ಪುರಾಣ ಓದುತ್ತಿದ್ದಾನೆ ಅಂತ ಹೆಂಗಸರು ಸೆರಗು ಹೊದ್ದು ಕೂತರು. ಯಾರೋ ಊದುಬತ್ತಿ ಹಚ್ಚಿ ಪುಸ್ತಕದ ಮುಂದಿಟ್ಟರು. ಹೊರಗೆ ನಿಂತಿದ್ದ ಗಂಡಸರು ಚಪ್ಪಲಿ ಬಿಟ್ಟು ಒಳಗೆ ಬಂದರು. ಮನೋಹರ್‌ಗೆ ಅದು ಏನು ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಮುಗಿದುಕೊಂಡು ನಿಂತರು. ಪುಸ್ತಕದಲ್ಲಿ ಉತ್ತರದಿಂದ ಕುದುರೆ ಸವಾರರು ಬಂದು ಗೋಡೆ ಒಡೆದರು. ಖಜಾನೆ ಬರಿದಾಯಿತು. ಸೈನಿಕರಿಗೆ ಸಂಬಳವಿಲ್ಲ.

ಪಕ್ಕದ ಮನೆಯ ವರಲಕ್ಷ್ಮಮ್ಮ ಎಂಬತ್ತರ ಮುದುಕಿ. ಎಲ್ಲರಿಗಿಂತ ಮುಂದೆ ಕೂತು ಪದ ಪದವೂ ಕೇಳಿಸಿಕೊಳ್ಳುತ್ತಿದ್ದಳು.

"ಬಂದೋರು ರಾಕ್ಷಸರಾ?"

"ಇಲ್ಲ ಅಜ್ಜಿ. ಹೊಟ್ಟೆಗಿಲ್ಲದೋರು."

ಕೊನೆಯ ಪುಟಗಳಲ್ಲಿ ರೋಮ್‌ಗೆ ಒಬ್ಬ ಹುಡುಗ ಚಕ್ರವರ್ತಿಯಾಗಿದ್ದ. ಹತ್ತು ತಿಂಗಳು ಆಳಿದ. ಅವನ ಅಪ್ಪನನ್ನು ಕೊಂದರು. ಹುಡುಗನ ಕಿರೀಟ ತೆಗೆಸಿದರು. ಚಿಕ್ಕವನು ಅಂತ ಕೊಲ್ಲಲು ಮನಸ್ಸು ಬರದೆ ದೂರದ ಸಮುದ್ರದ ದಂಡೆಯ ಒಂದು ಮನೆಗೆ ಕಳಿಸಿದರು. ಆಮೇಲೆ ಅವನು ಏನಾದ ಎಂಬುದು ತಿಳಿದುಬಂದಿಲ್ಲ. ಅಲ್ಲಿಗೆ ಒಂಬೈನೂರ ಹನ್ನೆರಡನೇ ಪುಟ ಮುಗಿಯಿತು. ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಸಿಂಧು ಅಮ್ಮನನ್ನು ಕರೆತರಲು ಎದ್ದು ಹೋದಳು.

ವರಲಕ್ಷ್ಮಮ್ಮ ಕಣ್ಣು ಒರೆಸಿಕೊಂಡಳು. "ಆ ಮಗೂನ ಒಂದೇ ಕಳಿಸ್ಬಿಟ್ರಾ? ಅವರಮ್ಮ ಜೊತೇಲಿ ಹೋದ್ಳಾ, ಇಲ್ವಾ?"

ಗೋವಿಂದರಾಜು ಒಂದು ಪುಟ ಹಿಂದಕ್ಕೆ ತಿರುಗಿಸಿದ. ಇನ್ನೊಂದು ತಿರುಗಿಸಿದ. ಅಪ್ಪನ ಸಂಗತಿ ಇತ್ತು. ಅಮ್ಮನ ಹೆಸರು ಎಲ್ಲೂ ಇರಲಿಲ್ಲ. ಅಷ್ಟು ದೊಡ್ಡ ಪುಸ್ತಕದಲ್ಲಿ ಇದೊಂದನ್ನು ಯಾಕೆ ಬಿಟ್ಟರು ಅಂತ ಅವನಿಗೆ ಗೊತ್ತಾಗಲಿಲ್ಲ. ಆ ಹುಡುಗ ಸಮುದ್ರದ ದಂಡೆಯಲ್ಲಿ ಯಾರ ಕೈಯ ಊಟ ಮಾಡಿದ ಅನ್ನುವುದು ತಿಳಿಯಲೇಬೇಕು ಅನ್ನಿಸಿತು. ಸಾಲಿನ ಮೇಲೆ ಬೆರಳು ಇಟ್ಟುಕೊಂಡೇ ಪಕ್ಕಕ್ಕೆ ತಿರುಗಿ, "ಮಿಸ್" ಅಂದ.